ಎಡಗಡೆಯ ಚಕ್ರ

ಸ್ಟೇರಿಂಗ್ ನಿಲ್ಲಬೇಕಾದ ಜಾಗಕ್ಕೆ ಹೋಗಿ ನಿಲ್ಲಲಿಲ್ಲ, ಎರಡು ಬೆರಳು ಮೊದಲೇ ನಿಂತುಬಿಟ್ಟಿತು. ಅದು ಬಸುವಿನ ಅಂಗೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಮಾಡಬೇಕಾದ ಕೆಲಸ ದೊಡ್ಡದೇನಲ್ಲ: ಗಾಳಾ ಎಂದು ಎಲ್ಲರೂ ಕರೆಯುವ ಆ ಉದ್ದನೆಯ ಇಕ್ಕಟ್ಟಿನ ಶೆಡ್ಡಿನೊಳಗಿಂದ ಜೀಪನ್ನು ಹಿಂದಕ್ಕೆ ತೆಗೆಯಬೇಕು, ಗಲ್ಲಿಯಲ್ಲಿ ಬಲಕ್ಕೆ ತಿರುಗಿಸಬೇಕು, ಮೂತಿಯನ್ನು ರಸ್ತೆಯ ಕಡೆಗೆ ಮಾಡಿ ನಿಲ್ಲಿಸಬೇಕು. ಒಂದು ಗಂಟೆಗೆ ಗಿರಾಕಿ ಅನಿಕೇತ್ ಬಂದು ಒಯ್ಯುತ್ತಾನೆ. ಶನಿವಾರ ಸಂಜೆ ಇದೇ ಗಲ್ಲಿಯಲ್ಲಿ, ಲೈಟಿನ ಡಬ್ಬಿಯಿಂದ ಚಹಾದಂಗಡಿಯ ಬೆಂಚಿನವರೆಗಿನ ಇಷ್ಟೇ ಜಾಗದಲ್ಲಿ, ಬಸು ಇದೇ ಜೀಪನ್ನು ಒಂದೇ ಏಟಿಗೆ ತಿರುಗಿಸಿದ್ದ. ಅಷ್ಟು ದೊಡ್ಡ ಟೈರುಗಳು, ಅಷ್ಟು ಎತ್ತರದ ಗಾಡಿ, ಆದರೂ ಒಂದು ಕಡೆಯೂ ಕರ್ ಅಂದಿರಲಿಲ್ಲ, ಟೈರು ಬಾಡಿಗೆ ತಿಕ್ಕಿರಲಿಲ್ಲ. ನಿಂತು ನೋಡುತ್ತಿದ್ದವರು ಸಿಳ್ಳೆ ಹಾಕಿದ್ದರು. ಇವತ್ತು ಮಂಗಳವಾರ. ಮುಂದಿನ ಚಕ್ರ ಸೀದಾ ಬೆಂಚಿನ ಕಾಲಿಗೆ ಹೋಗಿ ತಾಗಿತು. "ಕ್ಯಾ ಉಸ್ತಾದ್, ಬೆಂಚ್ ಭೀ ಸಾಥ್ ಲೇ ಜಾಯೇಗಾ ಕ್ಯಾ?" ಎಂದ ಚಹಾದವನು, ಬೆಂಚನ್ನೂ ಜೊತೆಗೆ ಒಯ್ಯುತ್ತೀಯಾ ಎಂಬಂತೆ. ಬಸು ನಗಲಿಲ್ಲ. ಹಿಂದಕ್ಕೆ ತೆಗೆದು ಮತ್ತೆ ಹೊರಳಿಸಿದ. ಸ್ಟೇರಿಂಗಿನ ನೆತ್ತಿಗೆ ಅವನೇ ಅಂಟಿಸಿದ್ದ ಕೆಂಪು ಟೇಪು ಶನಿವಾರ ಬಂದು ನಿಂತಿದ್ದ ಕಡೆ ಬರಲಿಲ್ಲ. ಮತ್ತೊಮ್ಮೆ ತಿರುಗಿಸಿದ, ಈ ಸಲ ಎಡಕ್ಕೆ. ಅಲ್ಲಿಯೂ ಎರಡು ಬೆರಳು ಕಡಿಮೆ. ಗಾಡಿಗೆ ಯಾರೋ ಹಗ್ಗ ಕಟ್ಟಿದ ಹಾಗಿತ್ತು.

ಗಲ್ಲಿಯ ಮಧ್ಯದಲ್ಲೇ ಎಂಜಿನ್ ಆರಿಸಿ ಕೆಳಗೆ ನುಗ್ಗಿದ. ಅಂಗಾತ ಮಲಗಿ ಮೊಬೈಲಿನ ಬೆಳಕು ಬಿಟ್ಟ. ಚಕ್ರ ಇಷ್ಟಕ್ಕಿಂತ ಹೆಚ್ಚು ಹೊರಳದಂತೆ ತಡೆಯುವ ಸ್ಟಾಪರ್ ಬೋಲ್ಟಿನ ತಲೆಯ ಕೆಳಗೆ ಎರಡು ವಾಶರುಗಳಿದ್ದವು. ಇನ್ನೊಂದು ಬದಿಗೆ ಹೊರಳಿ ನೋಡಿದರೆ ಅಲ್ಲಿಯೂ ಎರಡು. ಇವನು ಹಾಕಿದ್ದಲ್ಲ. ದಪ್ಪನೆಯ ಹಳೇ ಕಾಲದ ವಾಶರು, ಈಗ ಮಾರ್ಕೆಟ್ಟಿನಲ್ಲಿ ಸಿಗದಂಥವು. ಈ ಗ್ಯಾರೇಜಿನ ಯಜಮಾನ, ಅವ್ವನ ಅಣ್ಣ ದಾನಪ್ಪ ಮಾವನ ಬಿಸ್ಕೀಟ್ ಡಬ್ಬಿಯೊಳಗೆ ಬಿಟ್ಟರೆ ಇಡೀ ಕುರ್ಲಾದಲ್ಲಿ ಇಲ್ಲದವು. ವಾಶರು ಹಾಕಿದರೆ ಬೋಲ್ಟು ಮುಂದಕ್ಕೆ ಬರುತ್ತದೆ, ಬಂದಷ್ಟು ಚಕ್ರ ಕಡಿಮೆ ಹೊರಳುತ್ತದೆ. ಕಡಿಮೆ ಹೊರಳಿದರೆ ಎಲ್ಲಿಯೂ ತಿಕ್ಕುವುದಿಲ್ಲ. ಕೈಲಾಗದ ಗ್ಯಾರೇಜಿನವರು ಮಾಡುವ ಕೆಲಸ ಅದು, ಮಾವನೇ ಎಷ್ಟೋ ಸಲ ಉಗುಳಿ ಹೇಳಿದ್ದ: "ಕುಂಟನ ಕಾಲಿಗೆ ಕೋಳ ಹಾಕಿ, ನೋಡ್ರಿ ಎಡವೂದಿಲ್ಲ ಅಂದಂಗ." ಬಸು ಬೆರಳಿನಿಂದ ವಾಶರನ್ನು ಮುಟ್ಟಿದ. ಬೆರಳಿಗೆ ಮಸಿ ಹತ್ತಿತು. ಗ್ರೀಸಿನಲ್ಲಿ ಮಸಿ ಕಲಸಿ, ಹೊಸದಾಗಿ ಹಾಕಿದ್ದು ಗೊತ್ತಾಗದ ಹಾಗೆ, ಸುತ್ತಲಿನ ಹಳೆಯ ಕಬ್ಬಿಣದ ಜೊತೆ ಬೆರೆಯುವ ಹಾಗೆ ಜೋಪಾನವಾಗಿ ಹಚ್ಚಿದ್ದರು. ಅವನು ಆ ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಗಿರಾಕಿ ಜೀಪಿನ ಕೆಳಗೆ ಬಂದು ನೋಡುವವನಲ್ಲ. ಅನಿಕೇತನ ಅಂಗಿಗೆ ಇಸ್ತ್ರಿ ಗೆರೆ ಇರುತ್ತದೆ. ಈ ಭೂಮಿಯ ಮೇಲೆ ಈ ಜಾಗದಲ್ಲಿ ಅಂಗಾತ ಮಲಗಿ ಈ ಬೋಲ್ಟನ್ನು ನೋಡುವವನು ಒಬ್ಬನೇ ಒಬ್ಬ. ಮಸಿ ಆ ಒಬ್ಬನಿಗಾಗಿ ಹಚ್ಚಿದ್ದು.

ಅನಿಕೇತ್ ಬೆಳಗಾವಿ ಕಡೆಯ ವ್ಯಾಪಾರಸ್ಥರ ಮಗ, ಸಯನ್‌ನಲ್ಲಿ ಮನೆ. ಮೂರು ವಾರದ ಹಿಂದೆ ಈ ಜೀಪು ತಂದಾಗ ಅದನ್ನು ಬೇರೆಲ್ಲೋ ಎರಡು ಇಂಚು ಎತ್ತಿಸಿ, ಇದ್ದುದಕ್ಕಿಂತ ದೊಡ್ಡ ಟೈರು ಹಾಕಿಸಿಕೊಂಡು ಬಂದಿದ್ದ. ಹೊರಳಿಸಿದಲ್ಲೆಲ್ಲ ತಿಕ್ಕು, ಹಳ್ಳಕ್ಕೆ ಇಳಿದಲ್ಲೆಲ್ಲ ತಿಕ್ಕು. ಇನ್ನೊಂದು ಇಂಚು ಎತ್ತಿಸಿಬಿಡಿ ಅಂತ ನಾಲ್ಕು ಕಡೆ ಹೇಳಿದ್ದರಂತೆ. ದಾನಪ್ಪ ಹಲ್ಲುಕಡ್ಡಿ ಕಚ್ಚಿಕೊಂಡು ಕೇಳಿಸಿಕೊಂಡ. "ಎತ್ತಿದ್ರ ತಿಕ್ಕೂದು ನಿಲ್ಲಂಗಿಲ್ಲ ಸಾಹೇಬ್ರ, ಅಡಗಿ ಕುಂದರ್ತೈತಿ. ಗಾಡಿ ತುಂಬ ಮಂದಿ ಕುಂತ ದಿನ, ತಗ್ಗಿಗೆ ಇಳದ ದಿನ ಹೊರಗ ಬರ್ತೈತಿ" ಎಂದ. ಬಸು ನಡುವೆ ಬಾಯಿ ಹಾಕಿ, ನಾ ಮಾಡ್ತೀನಿ ಅಂದ. ಮಾವ ಅವನ ಕಡೆ ನೋಡಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಗ ಅದನ್ನು ಹೆಮ್ಮೆ ಅಂದುಕೊಂಡಿದ್ದ. "ಆತು. ಇದನ್ನ ನೀ ಒಬ್ಬನ ಮಾಡು. ನಾ ಪಾನಾ ಸೈತ ಮುಟ್ಟಂಗಿಲ್ಲ. ತಿಕ್ಕದಂಗ ಮಾಡಿ ಕೊಟ್ಟಿ ಅಂದ್ರ ಬಾಜೂ ಗಾಳಾ ನಿನ್ನ ಹೆಸರಿಲೆ ತಗಿಯೂನು" ಎಂದಿದ್ದ. ಮಿಸ್ತ್ರಿ ಶರಣಬಸಪ್ಪ, ಬಸುವಿನ ಪೂರಾ ಹೆಸರು. ಬೋರ್ಡಿನ ಮೇಲೆ ಮರಾಠಿಯಲ್ಲಿ ದೊಡ್ಡದಾಗಿ, ಕೆಳಗೆ ಮೂಲೆಯಲ್ಲಿ ಕನ್ನಡದಲ್ಲಿ ಸಣ್ಣದಾಗಿ. ಲೋಕಲ್ ರೈಲಿನಲ್ಲಿ ನಿಂತು ಮನೆಗೆ ಹೋಗುವಾಗ ದಿನಾಲೂ ಅದನ್ನು ಮನಸ್ಸಿನಲ್ಲೇ ಬರೆದು ಬರೆದು ಅಳಿಸಿದ್ದ. ಮೂರು ವಾರ ಅವನು ಆ ಗಾಡಿಯ ಜೊತೆ ಸಂಸಾರ ಮಾಡಿದ. ಸ್ಪ್ರಿಂಗು ಬಿಚ್ಚಿ ತೆಗೆದು, ಜಾಕಿಯಿಂದ ಚಕ್ರವನ್ನು ಮೇಲಕ್ಕೆ ಪೂರಾ ಒತ್ತಿ, ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು ಹೊರಳಿಸುವುದು. ಎಲ್ಲಿ ಬಿಳಿ ಹತ್ತಿತೋ ಅಲ್ಲಿ ತಿಕ್ಕುತ್ತದೆ. ಅಲ್ಲಿ ಮಡ್‌ಗಾರ್ಡಿನ ತಗಡು ಕೊಯ್ಯುವುದು, ಅಂಚು ಬಡಿದು ಮಡಚುವುದು, ಮತ್ತೆ ಸುಣ್ಣ ಬಳಿಯುವುದು. ಕಿವಿಗೊಟ್ಟು ಕೇಳಿ ಕೆಲಸ ಮಾಡುವ ಮಾವನಿಗೆ ಇದು ಬರುವುದಿಲ್ಲ, ಇದು ನನ್ನದು ಎಂದುಕೊಂಡಿದ್ದ. ಮೊಬೈಲಿನಲ್ಲಿ ಯಾರೋ ದೂರದೇಶದವರು ಮಾಡುವುದನ್ನು ಮಾತು ತಿಳಿಯದೆ ಬರೀ ಕೈ ನೋಡಿ ಕಲಿತದ್ದು.

ಭಾನುವಾರ ಮಾವ ಊಟಕ್ಕೆ ತಡವಾಗಿ ಬಂದ. ಆಂಟಾಪ್ ಹಿಲ್‌ನ ಬಿಲ್ಡಿಂಗಿನ ಎರಡನೇ ಮಾಳಿಗೆಯ ಒಂದೇ ಖೋಲಿಯ ಬಸುವಿನ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಬಸು ಗೋಡೆಗೆ ಒರಗಿ ಒಂದೇ ಸಮನೆ ಮಾತಾಡುತ್ತಿದ್ದ. ಒಂದೇ ಏಟಿಗೆ ತಿರುಗಿಸಿದೆ ಯವ್ವಾ, ಬರೀ ಒಂದೇ ಏಟಿಗೆ. ದಾನಪ್ಪ ಒಳಗೆ ಬಂದು ಸೀದಾ ಮೂಲೆಯ ಬಚ್ಚಲಿಗೆ ಹೋಗಿ ಕೈ ತೊಳೆದ. ರಜೆಯ ದಿನ ಅವನ ಕೈಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಎಲ್ಲಿ ಹೋಗಿದ್ದಿ ಅಣ್ಣಾ ಅಂತ ಅವ್ವ ಕೇಳಿದ್ದಕ್ಕೆ, "ಇಲ್ಲೇ, ಸಾಮಾನು ನೋಡಾಕ" ಅಂದ. ಉಗುರಿನ ಸಂದಿ ತಿಕ್ಕಿ ತಿಕ್ಕಿ ಕೆಂಪಾಗಿತ್ತು. ಬಸು ಮತ್ತೆ ಶುರುವಿನಿಂದ ಹೇಳಿದ, ಮಾವ ರೊಟ್ಟಿ ಮುರಿಯುತ್ತ ಹೂಂ ಹೂಂ ಅಂದ, ಒಮ್ಮೆಯೂ ಮುಖ ಎತ್ತಲಿಲ್ಲ. ಈಗ ಜೀಪಿನ ಕೆಳಗೆ ಮಲಗಿ ಬಸು ಆ ಹೂಂಗಳನ್ನು ಒಂದೊಂದಾಗಿ ಕೇಳಿಸಿಕೊಂಡ. ಒಂದೊಂದೂ ಕೆನ್ನೆಗೆ ಹೊಡೆದಂತಿತ್ತು. ಬಚ್ಚಲಲ್ಲಿ ತೊಳೆದುಹೋದ ಮಸಿಯನ್ನು ಅವ್ವ ನೋಡಿರಬೇಕು. ನಾನು ಮಾತ್ರ ಗೋಡೆಗೆ ಒರಗಿ ಬೊಗಳುತ್ತಿದ್ದೆ, ಹುಚ್ಚನ ಹಾಗೆ.

ಎಂಟನೇ ಇಯತ್ತೆಯಲ್ಲಿ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಅಮ್ಮಣ್ಣಿ ಟೀಚರ್ ಇದ್ದರು. ಮೈಸೂರಿನ ಕಡೆಯವರು, ಮಾತು ಸಕ್ಕರೆ. ಒಂದು ದಿನ ಬೋರ್ಡಿನ ಮೇಲಿನ ಲೆಕ್ಕಕ್ಕೆ ಇಡೀ ವರ್ಗದಲ್ಲಿ ಅವನೊಬ್ಬನ ಉತ್ತರ ಸರಿಯಾಗಿತ್ತು. ಟೀಚರ್ ಅವನ ನೋಟ್‌ಬುಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾರದು ನೋಡ್ಕೊಂಡು ಬರೆದೆಯಪ್ಪಾ? ಹೇಳು, ಬೈಯಲ್ಲ" ಎಂದರು. ಅಷ್ಟು ಪ್ರೀತಿಯಿಂದ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಯಾರದೂ ಅಲ್ಲ ಅಂದರೆ ನಂಬುವುದಿಲ್ಲ ಅಂತ ಗೊತ್ತಾಗಿ, ಪಕ್ಕದ ಹುಡುಗನ ಹೆಸರು ಹೇಳಿ ಕೂತುಬಿಟ್ಟಿದ್ದ. ಆ ವರ್ಷವೇ ಶಾಲೆ ಬಿಟ್ಟ. ಬಿಡಿಸಿದ್ದು ಮಾವ. "ಸಾಲಿ ಅವಂಗಲ್ಲ ರುದ್ರವ್ವಾ, ಅವಂದು ಕೈ ಚೊಲೋ ಐತಿ, ನನ್ನ ಕೂಡ ಕಳಸು" ಎಂದು ಅವ್ವನಿಗೆ ಹೇಳಿದ್ದ. ಕೈ ಚೊಲೋ ಐತಿ. ಹತ್ತು ವರ್ಷ ಆ ಮಾತನ್ನು ತಾಯತದಂತೆ ಕಟ್ಟಿಕೊಂಡು ತಿರುಗಿದ್ದ. ಕೈ ಚೊಲೋ ಐತಿ ಅಂದರೆ ಮತ್ತೇನು ಚೊಲೋ ಇಲ್ಲ ಅಂತ ಅರ್ಥ, ಅದನ್ನು ಯಾಕೆ ಯಾವತ್ತೂ ಕೇಳಿಕೊಳ್ಳಲಿಲ್ಲ?

ಕೆಳಗಿಂದ ಹೊರಬಂದು ಅವ್ವನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಹೊಲಿಗೆ ಮಶೀನಿನ ಸದ್ದು ಬರುತ್ತಿತ್ತು. ಅವ್ವ ಬಿಲ್ಡಿಂಗಿನವರಿಗೆಲ್ಲ ಬ್ಲೌಜು ಹೊಲಿದು ಕೊಡುತ್ತಾಳೆ.

"ಯವ್ವಾ, ಒಂದು ಮಾತು. ನಾ ಮಾಡಿದ ಗಾಡಿ ಮಾವ ಹಿಂದಾಗಡೆ ನೋಡ್ತಾನೇನು?"

"ನೋಡದ ಬಿಡ್ತಾನೇನೋ? ಮೊದಲಿಂದ ನೋಡ್ತಾನ."

"ಮೊದಲಿಂದ ಅಂದ್ರ?"

"ನೀ ಸಣ್ಣಾವಿದ್ದಾಗಿಂದ. ನೀ ಮನಿಗೆ ಬಂದ ಮ್ಯಾಲೆ ಅವ ಒಂದು ತಾಸು ಗಾಳಾದಾಗ ಇದ್ದ ಹೋಗ್ತಾನಲ್ಲ, ಅದಕ್ಕ ನನಗ ಧೈರ್ಯ. ಯಾಕ, ಏನಾತು?" ಮಶೀನು ನಿಂತಿತು. "ನಿನಗ ಗೊತ್ತಿಲ್ಲೇನು, ಬಸೂ?"

ಗೊತ್ತಿತ್ತು ಬಿಡು ಎಂದು ಫೋನ್ ಇಟ್ಟ. ಗೊತ್ತಿಲ್ಲ ಎಂದು ಹೇಳಲು ನಾಲಿಗೆ ಬರಲಿಲ್ಲ. ಮಾವ ದಿನಾ ಒಂದು ತಾಸು ತಡವಾಗಿ ಮನೆಗೆ ಹೋಗುತ್ತಿದ್ದುದು ಅವನಿಗೆ ಗೊತ್ತಿತ್ತು. ಶಟರ್ ಅರ್ಧ ಎಳೆದು ಒಬ್ಬನೇ ಕೂತು ಎಲೆ ಅಡಿಕೆ ಹಾಕುತ್ತಾನೆ ಎಂದುಕೊಂಡಿದ್ದ. ಪಾಪ, ಹೆಂಡತಿ ಸತ್ತ ಮನುಷ್ಯ, ಖಾಲಿ ಮನೆಗೆ ಹೋಗಲು ಮನಸ್ಸಾಗುವುದಿಲ್ಲ ಎಂದುಕೊಂಡು ಎಷ್ಟೋ ಸಲ ಮರುಗಿದ್ದ. ಆ ಒಂದು ತಾಸಿನಲ್ಲಿ ಎಷ್ಟು ಬೋಲ್ಟು ಮತ್ತೆ ಬಿಗಿಯಾದವು, ಎಷ್ಟು ಬ್ರೇಕು ಮತ್ತೆ ಬಿಚ್ಚಿ ಜೋಡಿಸಲ್ಪಟ್ಟವು? ಕೆಲಸ ಚಲೋ ಆಗೇದ ಅಂತ ಗಿರಾಕಿಗಳು ಬೆನ್ನು ತಟ್ಟಿದ್ದು ಯಾರ ಬೆನ್ನು? ಇಷ್ಟು ವರ್ಷ ತಾನು ನಡೆದದ್ದೇ ಸುಳ್ಳು, ಹಿಂದಿನಿಂದ ಯಾರೋ ಕಂಕುಳಿಗೆ ಕೈ ಕೊಟ್ಟು ನಡೆಸಿದ್ದು, ಹಾಗನ್ನಿಸಿ ಗಲ್ಲಿಯ ನಡುವೆಯೇ ನಿಂತುಬಿಟ್ಟ. ರಿಕ್ಷಾದವನು ಹಾರ್ನ್ ಹೊಡೆದ. ಜೀಪು ಅರ್ಧ ಗಲ್ಲಿ ತುಂಬಿತ್ತು.

ಮಾವ ಮಂಗಳವಾರ ಬೆಳಗ್ಗೆ ಸಯನ್‌ಗೆ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗುತ್ತಾನೆ, ಹನ್ನೆರಡೂವರೆಗೆ ಮುಂಚೆ ಬರುವುದಿಲ್ಲ. ಬಸು ಪಾನಾ ತಂದು ನಾಲ್ಕೂ ವಾಶರು ಬಿಚ್ಚಿ ಜೇಬಿಗೆ ಹಾಕಿಕೊಂಡ. ತಿಕ್ಕುವುದಿಲ್ಲ ಅಂತ ಮಾವನ ಮುಖದ ಮೇಲೆ ತೋರಿಸಬೇಕು. ನೀನು ಸುಮ್ಮನೆ ಹೆದರಿದೆ, ನೀನು ಮುದುಕನಾದೆ, ನಿನ್ನ ಮಸಿ ನೀನೇ ಹಚ್ಚಿಕೋ. ಗಲ್ಲಿಯಲ್ಲೇ, ಬಿಸಿಲಲ್ಲೇ, ಚಾಸಿಗೆ ಸ್ಟ್ಯಾಂಡು ಕೊಟ್ಟು, ಎಡಗಡೆಯ ಸ್ಪ್ರಿಂಗು ಬಿಚ್ಚತೊಡಗಿದ. ಎಡಗಡೆ ಯಾಕೆಂದರೆ, ನಟ್ಟಿಗೆ ಪಾನಾ ಕೊಟ್ಟ ಹೊತ್ತಿಗೆ ಅವನಿಗೆ ಹೊಳೆಯಿತು, ಎಡಗಡೆಯನ್ನು ಅವನು ಯಾವತ್ತೂ ಹೀಗೆ ನೋಡಿಯೇ ಇರಲಿಲ್ಲ. ಗಾಳಾದೊಳಗೆ ಜೀಪು ನಿಂತರೆ ಎಡಬದಿಗೆ ಗೋಡೆ, ಒಂದು ಗೇಣು ಜಾಗ; ಜಾಕಿ ಹೋಗದು, ಮನುಷ್ಯ ಕೂತು ನೋಡಲಾಗದು. ಬಲಗಡೆಯನ್ನು ಹತ್ತು ಸಲ ಸುಣ್ಣ ಹಚ್ಚಿ ನೋಡಿ ಕೊಯ್ದಿದ್ದ. ಆಮೇಲೆ ಕೊಯ್ದ ಅಳತೆಗೆ ರಟ್ಟು ಕತ್ತರಿಸಿ, ಆ ರಟ್ಟನ್ನು ಮಗುಚಿ ಹಾಕಿ, ಗೋಡೆಯ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಎಡಗಡೆಯನ್ನೂ ಹಾಗೇ ಕೊಯ್ದಿದ್ದ. ಅವ್ವ ಬ್ಲೌಜಿನ ತೋಳು ಕತ್ತರಿಸುವುದು ಹಾಗೆಯೇ. ಒಂದು ತೋಳಿಗೆ ಕಾಗದ, ಮಗುಚಿದರೆ ಇನ್ನೊಂದು ತೋಳು. ಗಾಡಿಗೂ ಎರಡು ತೋಳು ಸಮ ಇರುತ್ತವೆ, ಅದರಲ್ಲಿ ನೋಡುವುದೇನಿದೆ?

ಸುಣ್ಣ ಬಳಿದ. ಜಾಕಿ ಏರಿಸಿದ. ಟೈರು ಮೇಲೇರಿ, ಮೇಲಿನ ರಬ್ಬರ್ ತಡೆಗೆ ಆಕ್ಸಲ್ ಒತ್ತಿ ನಿಂತಿತು. ಒಳಗೆ ಕೈ ಹಾಕಿ ಸ್ಟೇರಿಂಗನ್ನು ಬಲಕ್ಕೆ ಪೂರಾ ಹೊರಳಿಸಿದ. ಶನಿವಾರ ಜೀಪು ಖಾಲಿ ಇತ್ತು, ಗಲ್ಲಿ ಸಪಾಟಿತ್ತು. ಅವತ್ತು ಕೇಳದ ಸದ್ದು ಇವತ್ತು ಕೇಳಿತು. ದೊಡ್ಡದೇನಲ್ಲ, ಪಾಟಿಯ ಮೇಲೆ ಒದ್ದೆ ಬಟ್ಟೆ ಎಳೆದಷ್ಟು. ಬಗ್ಗಿ ನೋಡಿದರೆ ಮಡ್‌ಗಾರ್ಡಿನ ಹಿಂದಿನ ಅಂಚಿಗೆ ನಾಲ್ಕು ಬೆರಳು ಅಗಲದ ಬಿಳಿ ಬಳಿದುಕೊಂಡಿತ್ತು. ಮಡಚಿದ್ದ ಅಂಚಿನ ತುದಿ ರಬ್ಬರಿಗೆ ಕಚ್ಚಿತ್ತು. ಘಟ್ಟದ ತಿರುವಿನಲ್ಲಿ, ಗಾಡಿ ತುಂಬ ಮಂದಿ ಕೂತು ತಗ್ಗಿಗೆ ಇಳಿದರೆ, ಆ ಅಂಚು ಟೈರಿನ ಪಕ್ಕೆಯನ್ನು ಚಾಕುವಿನಂತೆ ಸೀಳುತ್ತದೆ. ಅವನು ಅದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತ. ಬಲಗಡೆ ತಿಕ್ಕದ್ದು ಎಡಗಡೆ ಹೇಗೆ ತಿಕ್ಕೀತು? ಅದೇ ರಟ್ಟು, ಅದೇ ಅಳತೆ. ಅಳತೆ ಟೇಪು ತಂದು ಚಾಸಿಯಿಂದ ಟೈರಿನವರೆಗೆ ಅಳೆದ. ಬಲಕ್ಕೆ ಹೋಗಿ ಅಳೆದ. ಮತ್ತೆ ಎಡಕ್ಕೆ ಬಂದ. ಎರಡು ಬದಿಗೂ ಅಳತೆ ಬೇರೆ ಬೇರೆ. ಎರಡೂ ಚಕ್ರಗಳನ್ನು ಹಿಡಿದ ಇಡೀ ಆಕ್ಸಲ್ಲೇ ಎಡಕ್ಕೆ ಸರಿದು ನಿಂತಿತ್ತು. ಎಡಚಕ್ರ ಹೊರಗೆ, ಬಲಚಕ್ರ ಒಳಗೆ.

ಮತ್ತೆ ಕೆಳಗೆ ನುಗ್ಗಿದ. ಆಕ್ಸಲ್ ಅತ್ತಿತ್ತ ಓಡಾಡದಂತೆ ಹಿಡಿಯುವ ಅಡ್ಡ ರಾಡು, ಬಲಗಡೆ ಆಕ್ಸಲ್ಲಿಗೆ, ಎಡಗಡೆ ಚಾಸಿಗೆ. ಸಾವಿರ ಸಲ ನೋಡಿದ್ದೇ. ಈಗ ಮಾತ್ರ ಅದು ಓರೆಯಾಗಿ ನಿಂತದ್ದು ಕಣ್ಣಿಗೆ ಬಿತ್ತು. ಗಾಡಿ ಎತ್ತಿದರೆ ಚಾಸಿಯ ತುದಿ ಮೇಲೆ ಹೋಗುತ್ತದೆ, ರಾಡು ಉದ್ದವಾಗುವುದಿಲ್ಲ, ಹಾಗಾಗಿ ಆಕ್ಸಲ್ಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತೋಳು ಎತ್ತಿದರೆ ಅಂಗಿ ಒಂದು ಕಡೆಗೆ ಎಳೆಯುವ ಹಾಗೆ. ಇಷ್ಟೇ. ಒಂದು ಮಾತಿನಲ್ಲಿ ಹೇಳಬಹುದಾದದ್ದು. 'ಎತ್ತಿದ ಗಾಡಿಯ ಆಕ್ಸಲ್ ಸರಿತೈತಿ ಬಸ್ಯಾ, ಎರಡೂ ಕಡೆ ಅಳಿ.' ಮಾವ ಭಾನುವಾರ ಬಂದು, ನೋಡಿ, ತಿಳಿದು, ವಾಶರು ಹಾಕಿ ಮಸಿ ಬಳಿಯುವುದಕ್ಕೆ ಒಂದು ತಾಸಾದರೂ ಬೇಕಾಗಿರಬೇಕು. ಈ ಮಾತು ಹೇಳುವುದಕ್ಕೆ ಅಷ್ಟೂ ಬೇಕಿರಲಿಲ್ಲ. ಅವನು ಸರಿ, ನಾನು ತಪ್ಪು. ಆ ಸರಿತನವನ್ನು ನನಗೆ ಕೊಡದೆ ಮುಚ್ಚಿಟ್ಟುಕೊಂಡ. ಬೆನ್ನಿಗೆ ಹತ್ತಿದ ಮಣ್ಣು ಬಿಸಿಯಾಗಿತ್ತು, ಕಣ್ಣಿಗೆ ಬೆವರು ಇಳಿಯಿತು, ಅದು ಬೆವರೇ ಇರಲಿ ಎಂದುಕೊಂಡ.

ಹನ್ನೆರಡೂ ಮುಕ್ಕಾಲಿಗೆ ದಾನಪ್ಪ ಬಂದ, ಕೈಯಲ್ಲಿ ರಿಪೋರ್ಟಿನ ಪ್ಲಾಸ್ಟಿಕ್ ಚೀಲ. ಗಲ್ಲಿಯ ತುದಿಯಿಂದಲೇ ಬಿಚ್ಚಿಟ್ಟ ಸ್ಪ್ರಿಂಗನ್ನು ನೋಡಿ ನಡಿಗೆ ನಿಧಾನವಾಯಿತು. ಹತ್ತಿರ ಬಂದು ಮಡ್‌ಗಾರ್ಡಿನ ಬಿಳಿ ನೋಡಿದ. ಬಸು ಜೇಬಿನಿಂದ ನಾಲ್ಕೂ ವಾಶರು ತೆಗೆದು ಅವನ ಕೈಗಿಟ್ಟ.

"ಮಸಿ ಯಾಕ ಹಚ್ಚಿದಿ?"

"ಹೊಸಾದಾಗಿ ಹಾಕಿದ್ವು ಕಾಣಸ್ತಾವಲ್ಲೋ."

"ಯಾರಿಗೆ ಕಾಣಸ್ತಾವ?"

ದಾನಪ್ಪ ಚಹಾದಂಗಡಿಯ ಕಡೆ ನೋಡಿದ. ಚಹಾದವನು ಗ್ಲಾಸು ತೊಳೆಯುವುದರಲ್ಲಿ ಮುಳುಗಿದ.

"ಕೇಳಾಕತ್ತೀನಲ್ಲ ಮಾವಾ. ಯಾರಿಗೆ?"

"ಶನಿವಾರ ನೀ ಗಾಡಿ ತಿರುಗಿಸಿ ಕೆಳಗ ಇಳದಿ ನೋಡು," ಎಂದ ದಾನಪ್ಪ, ಮೆಲ್ಲಗೆ. "ಆ ಮಾರಿ ನೋಡಿ ಹೇಳಾಕ ಬಾಯಿ ಬರಲಿಲ್ಲ. ನೀ ಹಂಗ ನಕ್ಕಿದ್ದು ನಾ ನೋಡೇ ಇರಲಿಲ್ಲ. ಒಯ್ಯಲಿ, ಒಂದು ತಿಂಗಳ ಬಿಟ್ಟು ಸರ್ವಿಸಿಗೆ ಬರ್ತೈತಿ, ಆಗ ರಾಡು ಬದಲ ಮಾಡೂನು ಅಂತ..."

"ನೀ ಮಾಡ್ತಿದ್ದಿ. ನಾ ಮನಿಗೆ ಹ್ವಾದ ಮ್ಯಾಲೆ."

"ಹೂಂ, ನಾ ಮಾಡ್ತಿದ್ದೆ. ಅದರಾಗೇನೈತಿ?"

"ಇದೊಂದ ಗಾಡಿನೋ, ಇನ್ನೂ ಅದಾವೋ?"

ದಾನಪ್ಪ ವಾಶರುಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡ.

"ಎಷ್ಟು ಗಾಡಿ ಮಾವಾ? ಹತ್ತ? ನೂರ?"

"ಎಲ್ಲಾನೂ ಏನಲ್ಲ ಬಿಡೋ," ಎಂದ. ಸಮಾಧಾನ ಮಾಡಲೆಂದೇ ಅಂದ. ಎಲ್ಲಾನೂ ಏನಲ್ಲ. ಹಾಗಿದ್ದರೆ ನನ್ನವು ಯಾವುವು ಎಂದು ಬಸುವಿನ ಗಂಟಲವರೆಗೆ ಬಂತು. ಕುರ್ಲಾದಿಂದ ಮುಲುಂಡ್‌ವರೆಗೆ, ಪನ್ವೇಲ್‌ವರೆಗೆ ಓಡುತ್ತಿರುವ ಅಷ್ಟೂ ಗಾಡಿಗಳಲ್ಲಿ ಯಾವುದರ ಕೆಳಗೆ ಮಲಗಿ ನೋಡಿದರೆ ನನ್ನ ಕೈ ಸಿಗುತ್ತದೆ? ಮಾವನಿಗಾದರೂ ನೆನಪಿದೆಯೋ ಇಲ್ಲವೋ. ಈ ಮನುಷ್ಯ ಎದೆಗೆ ಒದ್ದಿದ್ದರೆ, ಬೋಳಿಮಗನೇ ಎರಡೂ ಕಡೆ ಅಳೀಬೇಕು ಅಂತ ಪಾನಾ ಎಸೆದಿದ್ದರೆ, ಅದನ್ನು ಹಿಡಿದು ಸಾಯುವವರೆಗೆ ಇಟ್ಟುಕೊಳ್ಳುತ್ತಿದ್ದ. ಗಲ್ಲಿಯ ತುದಿಯ ಗಾಳಾದಲ್ಲಿ ಉಸ್ತಾದ್ ಹುಡುಗರಿಗೆ ಬೆಲ್ಟಿನಿಂದ ಬಾರಿಸುತ್ತಾನೆ; ಅವರನ್ನು ನೋಡಿ ತಾನೆಷ್ಟು ಪುಣ್ಯವಂತ ಎಂದುಕೊಂಡಿದ್ದ. ಮಾವ ಒಂದು ದಿನವೂ ಲೇ ಅಂದು ಗದರಿಸಿದವನಲ್ಲ.

ಅಷ್ಟರಲ್ಲಿ ರಿಕ್ಷಾ ಬಂದು ನಿಂತಿತು. ಅನಿಕೇತ್ ಇಳಿದ, ಹಿಂದೆ ಅವನ ಹೆಂಡತಿ ರೂಪಾಲಿ, ಕೈಯಲ್ಲಿ ಪೇಢೆಯ ಡಬ್ಬಿ. ಜೀಪು ಒಂದು ಕಾಲು ಎತ್ತಿಕೊಂಡು ನಿಂತದ್ದನ್ನು ನೋಡಿ ಅನಿಕೇತನ ನಗು ಅರ್ಧಕ್ಕೇ ನಿಂತಿತು.

"ಅರೆ ಬಸು ಭಾಯ್, ಹೇ ಕಾಯ್, ಏನಿದು? ಶನಿವಾರ ರೆಡಿ ಅಂತ ವಿಡಿಯೋ ಕಳಿಸಿದ್ರಿ. ನಾಳೆ ಬೆಳಗ್ಗೆ ಟ್ರಿಪ್ಪಿಗೆ ನಿಕಲ್‌ನಾ ಹೈ ನಮಗೆ, ಸಬ್ ಜನಾ ರೆಡಿ ಇದಾರೆ."

ಬಸು ಬಾಯಿ ತೆರೆಯುವ ಮೊದಲು ದಾನಪ್ಪ ಮುಂದೆ ಬಂದ. ವಾಶರು ಆಗಲೇ ಜೇಬಿಗೆ ಸೇರಿದ್ದವು. "ಸಾಹೇಬ್ರ, ತಪ್ಪ ನಂದ. ಹುಡುಗ ಬರೋಬರಿ ಮಾಡಿದ್ದ. ನಾ ನಡುವ ಕೈ ಹಾಕಿ ಕೆಡಿಸಿದೆ. ವಯಸ್ಸಾತ್ರಿ, ಕಣ್ಣು ಸರಿಯಾಗಿ..."

ಬಸು ಮಾವನ ಕಡೆ ತಿರುಗಿದ. ಮಾವನ ಮುಖದಲ್ಲಿ ಅದೇ ಪ್ರೀತಿ, ಅದೇ ಹಣೆಯ ವಿಭೂತಿ, ಅದೇ ಮೆತ್ತಗಿನ ದನಿ. ಎಷ್ಟು ಸಲೀಸಾಗಿ ಎತ್ತಿಕೊಂಡ, ಜೋಳಿಗೆಯಿಂದ ರೊಟ್ಟಿ ಎತ್ತಿದ ಹಾಗೆ! ಹತ್ತು ವರ್ಷದಲ್ಲಿ ಸಾಬೀತಾಗಿ ತನ್ನದೇ ಎನ್ನಬಹುದಾದದ್ದು ಒಂದೇ ಒಂದು ಸಿಕ್ಕಿತ್ತು, ಮಡ್‌ಗಾರ್ಡಿನ ಮೇಲಿನ ನಾಲ್ಕು ಬೆರಳು ಅಗಲದ ಬಿಳಿ.

"ಅದನ್ನೂ ಕಸ್ಕೋಬ್ಯಾಡ!" ಎಂದು ಕೂಗಿದ. "ಸುಳ್ಳ ಹೇಳಾಕತ್ತಾನ ಸಾಹೇಬ್. ಇಂವ ಏನೂ ಕೆಡಿಸಿಲ್ಲ. ತಪ್ಪು ನಂದು. ಎಡಗಡೆ ನಾ ಅಳೀಲಿಲ್ಲ, ಬಲಗಡಿದು ನೋಡಿ ಕೊಯ್ದೆ. ಆಕ್ಸಲ್ ಸರದೈತಿ, ನನಗ ಗೊತ್ತಿರಲಿಲ್ಲ. ಪೂರಾ ನಂದು. ನಾಳೆ ಕೊಡೂದಿಲ್ಲ. ರಾಡು ಉದ್ದ ಮಾಡಿ, ಎರಡೂ ಕಡೆ ನೋಡಿ ಕೊಡ್ತೀನಿ. ಶುಕ್ರವಾರ."

ರೂಪಾಲಿ ಪೇಢೆಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅನಿಕೇತ್ ಇಬ್ಬರ ಮುಖವನ್ನೂ ನೋಡಿದ. ಮನೆಯ ಜಗಳದ ನಡುವೆ ಸಿಕ್ಕಿಬಿದ್ದ ನೆಂಟನಂತೆ ಮುಜುಗರಪಟ್ಟ. ಅವನಿಗೆ ಯಾರ ತಪ್ಪೆನ್ನುವುದು ಬೇಕಾಗಿರಲಿಲ್ಲ, ಗಾಡಿ ಬೇಕಾಗಿತ್ತು.

"ಠೀಕ್ ಹೈ, ಶುಕ್ರವಾರ ತೋ ಶುಕ್ರವಾರ," ಎಂದ. ಆಮೇಲೆ ದಾನಪ್ಪನ ಕಡೆ ತಿರುಗಿ ದನಿ ತಗ್ಗಿಸಿದ, ಬಸುವಿಗೆ ಕೇಳದಿರಲಿ ಎಂದು ತಗ್ಗಿಸಿದ್ದು, ಕೇಳಿತು: "ಕಾಕಾ, ಬಚ್ಚೇ ಲೋಗ್ ಕೂತ್ಕೋತಾರೆ ಗಾಡಿಯಲ್ಲಿ. ಈ ಸಲ ನೀವೇ ಸ್ವತಃ ನೋಡಿ, ಹಾಂ?"

"ನೋಡ್ತೀನ್ರಿ ಸಾಹೇಬ್ರ," ಎಂದ ದಾನಪ್ಪ. ಮೂವತ್ತು ವರ್ಷದ ಅಭ್ಯಾಸ, ಗಿರಾಕಿ ಕೇಳಿದರೆ ಬಾಯಿಗೆ ತಾನಾಗಿ ಬರುವ ಮಾತು. ಅಂದ ಮೇಲೆ ಬಸುವಿನ ಕಡೆ ನೋಡಿದ. ಆದರೆ ಅಂದಾಗಿತ್ತು. ಬಾಯಿಂದ ಹೋದದ್ದನ್ನು ಹಿಂದಕ್ಕೆ ಎಳೆದುಕೊಳ್ಳಲು ಬರುವಂತಿದ್ದರೆ ಎಳೆದುಕೊಳ್ಳುತ್ತಿದ್ದನೇನೋ. ರಿಕ್ಷಾ ಹೊರಟಿತು, ಪೇಢೆಯ ಡಬ್ಬಿಯೂ ಹೋಯಿತು.

ಪಕ್ಕದ ಗಾಳಾ ತೆಗೆದುಕೊಟ್ಟರೂ, ಬೋರ್ಡು ಬರೆಸಿದರೂ, ಅದರ ಶಟರಿನ ಕೆಳಗೆ ಮಾವನ ಕಾಲುಗಳು ದಿನಾ ಒಂದು ತಾಸು ನುಸುಳಿ ಬರುತ್ತವೆ ಎಂದು ಬಸುವಿಗೆ ಈಗ ಖಚಿತವಾಗಿತ್ತು. ಪಾನಾ ತೆಗೆದುಕೊಂಡು ಜೀಪಿನ ಕೆಳಗೆ ನುಗ್ಗಿ ಅಡ್ಡ ರಾಡಿನ ನಟ್ಟಿಗೆ ಕೊಟ್ಟ. ನಟ್ಟು ಜಗ್ಗಲಿಲ್ಲ.

"ಬಸ್ಯಾ," ಎಂದ ದಾನಪ್ಪ ಮೇಲಿನಿಂದ. "ಹೊರಗ ಬಾ. ಹ್ಯಾಂಗ ಬಿಚ್ಚೂದಂತ ಹೇಳ್ತೀನಿ."

"ಹೇಳಬ್ಯಾಡ."

"ಅಲ್ಲೋ, ಮೊದಲ ಚಕ್ರ ಸೀದಾ ಮಾಡ್ಕೊ..."

"ಹೇಳಬ್ಯಾಡ ಅಂದ್ನೆಲ್ಲ!"

ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದು, ಅದರ ನಾಲ್ಕು ಕಾಲು, ನಡುವೆ ಮಾವನ ಎರಡು ಕಾಲು, ಸವೆದ ಚಪ್ಪಲಿ, ಸಕ್ಕರೆ ಕಾಯಿಲೆಯಿಂದ ಕಪ್ಪಾದ ಹೆಬ್ಬೆರಳು. "ನಾ ನೋಡಂಗಿಲ್ಲೋ, ಸುಮ್ನ ಕುಂದರ್ತೀನಿ ಅಷ್ಟ."

"ಕುಂದರೂದೂ ಬ್ಯಾಡ. ಹೋಗು ಮಾವಾ."

ಕುರ್ಚಿ ಹಿಂದೆ ಸರಿಯಿತು. ಚಪ್ಪಲಿಗಳು ಎದ್ದು ನಿಂತವು, ಆಮೇಲೆ ನಿಧಾನವಾಗಿ ಗಲ್ಲಿ ದಾಟಿ ಚಹಾದಂಗಡಿಯವರೆಗೆ ಹೋದವು. ಜೀಪಿನ ಹೊಟ್ಟೆ ಮತ್ತು ನೆಲದ ನಡುವಿನ ಸಂದಿಯಲ್ಲಿ ಬಸುವಿಗೆ ಕಾಣುತ್ತಿದ್ದುದು ಅಷ್ಟೇ: ರಿಕ್ಷಾದ ಚಕ್ರಗಳು, ನಾಯಿಯ ಕಾಲು, ಯಾರದೋ ಸೀರೆಯ ಅಂಚು, ಆಚೆಗೆ ಆ ಎರಡು ಪಾದ. ಚಹಾ ಕುಡಿಯುವವನು ಅಂಗಡಿಯ ಕಡೆಗೆ ತಿರುಗಿ ನಿಲ್ಲುತ್ತಾನೆ. ಆ ಪಾದಗಳು ತಿರುಗಿರಲಿಲ್ಲ. ಹತ್ತೂ ಬೆರಳು ಜೀಪಿನ ಕಡೆಗೇ ಮುಖ ಮಾಡಿ ನಿಂತಿದ್ದವು. ಬಸು ಮಣ್ಣಿನಲ್ಲಿ ಬೆನ್ನು ಎಳೆದುಕೊಂಡು, ತಲೆ ಇದ್ದ ಕಡೆ ಕಾಲು ಬರುವಂತೆ ಪೂರಾ ಹೊರಳಿ ಮಲಗಿದ. ಈಗ ಕಣ್ಣೆದುರಿಗೆ ಗಾಳಾದ ಗೋಡೆಯೊಂದೇ. ಮಾವ ಹೇಳಿದ ಹಾಗೆ ಮೊದಲು ಚಕ್ರವನ್ನು ಕೈಯಿಂದ ದೂಡಿ ಸೀದಾ ಮಾಡಿದ, ಪಾನಾವನ್ನು ಮತ್ತೆ ನಟ್ಟಿಗೆ ಕೊಟ್ಟು ಹಲ್ಲು ಕಚ್ಚಿ ಜಗ್ಗಿದ.